ಎತ್ತುವವರು

ಅವಳ ಕಾಲು ಹೋದದ್ದು ಒಂದು ಬೀರುವಿನ ಎದುರು. ಮನೆ ಸಾಮಾನು ಸಾಗಿಸುವುದನ್ನೇ ಕಸುಬು ಮಾಡಿಕೊಂಡ ಸಂಸಾರದ ಹಿರಿಮಗಳಿಗೆ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ. ತಮ್ಮಂದಿರಿಬ್ಬರು ಯಾರದೋ ಮಹಡಿ ಮನೆಯಿಂದ ಬೀರು ಇಳಿಸುತ್ತಿದ್ದರು. ಅಕ್ಕ ಎಂದಿನಂತೆ ಮೆಟ್ಟಿಲ ಬುಡದಲ್ಲಿ ನಿಂತು, ಕತ್ತು ಮೇಲೆತ್ತಿ, "ನಿನ್ ಕಡೆ ಇಳಿಸು, ಇನ್ನೂ ಇಳಿಸು, ಗೋಡೆ ನೋಡ್ಕೋ" ಎಂದು ಕೂಗುತ್ತಿದ್ದಳು. ಬೆಳಗ್ಗೆಯಿಂದ ಪಾದಗಳಿಗೆ ಜೋಮು ಹಿಡಿದಿತ್ತು. ಹೊಸ ಬೂಟು ಬಿಗಿಯಾಗಿರಬೇಕು ಅಂದುಕೊಂಡು ಸುಮ್ಮನಿದ್ದಳು. ಬೀರು ಕೊನೆಯ ತಿರುವಿಗೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯಲು ಹೋದಳು. ಹೆಜ್ಜೆ ಬರಲಿಲ್ಲ. ಸೊಂಟದಿಂದ ಕೆಳಗೆ ತನ್ನದೇನೂ ಇಲ್ಲ ಅನ್ನಿಸಿ, ಒದ್ದೆ ಬಟ್ಟೆಯ ರಾಶಿಯ ಹಾಗೆ ಅಲ್ಲೇ ಕುಸಿದಳು.

"ಅಕ್ಕಾ, ದಾರಿ ಬಿಡೇ!" ಮೇಲಿನಿಂದ ದೊಡ್ಡ ತಮ್ಮ ಅರಚಿದ.

"ಬಿಡಕ್ಕಾಗ್ತಿಲ್ಲ ಕಣೋ."

ಬೀರು ಹೊತ್ತವರು ಅದನ್ನು ಬಿಡುವಂತಿಲ್ಲ, ಕೂತವಳು ಏಳುವಂತಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಪ್ಪ ಹೋದ ಮೇಲೆ ವ್ಯಾನನ್ನೂ ಗೋದಾಮನ್ನೂ ತಮ್ಮಂದಿರನ್ನೂ ನಡೆಸಿದವಳು ಅವಳೇ. ದೊಡ್ಡವನು ದಡಿಯ, ಸಣ್ಣವನು ಕಡ್ಡಿ. ಆ ಹೆಸರುಗಳನ್ನು ಇಟ್ಟವಳೂ ಅವಳೇ, ಈಗ ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಅವಳು ಭಾರ ಹೊತ್ತವಳಲ್ಲ, ಹೊರುವುದು ಹೇಗೆಂದು ಹೇಳುವವಳು. ಅವಳ ಕಟ್ಟಪ್ಪಣೆ ಒಂದೇ: ಯಾವ ಸಾಮಾನನ್ನೂ ನೆಲದ ಮೇಲೆ ಎಳೆಯಬಾರದು, ಜಾರಿಸಬಾರದು. ಎತ್ತಬೇಕು. ಎಳೆಯುವುದು ಮೈಗಳ್ಳರ ಕೆಲಸ, ನೆಲಕ್ಕೆ ಗೀರು, ಮಾಲಿಗೆ ಅವಮಾನ. ಒಮ್ಮೆ ಕಡ್ಡಿ ಒಂದು ಮೇಜನ್ನು ಗೋಣಿಚೀಲದ ಮೇಲಿಟ್ಟು ಜಾರಿಸಿದ್ದಕ್ಕೆ, ಮದುವೆಯಾದ ಗಂಡಸು ಎಂದೂ ನೋಡದೆ ಎಲ್ಲರೆದುರು ಅವನ ಕಿವಿ ಹಿಂಡಿದ್ದಳು.

ಆಸ್ಪತ್ರೆಯ ಡಾಕ್ಟರು ಚುಟುಕಾಗಿ ಹೇಳಿ ಮುಗಿಸಿದರು. ಬೆನ್ನುಹುರಿಯಲ್ಲಿ ಊತ ಬಂದಿದೆ. ಔಷಧಿಗೆ ಬಗ್ಗಬಹುದು, ಯಾವಾಗ ಎಷ್ಟು ಅಂತ ಹೇಳಲಾಗದು. ಮಲಮೂತ್ರದ ಹಿಡಿತ ಉಳಿದಿದೆ, ಅದು ನಿಮ್ಮ ಅದೃಷ್ಟ. ಅದೃಷ್ಟ ಎನ್ನುವಾಗ ಅವರು ಗಡಿಯಾರ ನೋಡಿಕೊಂಡರು.

ಆ ಅದೃಷ್ಟ ಅದೇ ಮಧ್ಯಾಹ್ನ ಅವಳನ್ನು ಕಾಡತೊಡಗಿತು. ಕರೆಗಂಟೆ ಒತ್ತಿದಳು. ಬಹಳ ಹೊತ್ತಿನ ಮೇಲೆ ಬಂದ ನರ್ಸ್ ದೊಡ್ಡವರ ಡಯಪರ್ ಒಂದನ್ನು ಬಿಡಿಸುತ್ತಾ, "ಇದನ್ನ ಹಾಕ್ಕೊಂಡ್ಬಿಡೋಣ ನಾವು," ಎಂದಳು.

"ನಾವು ಅಂದ್ರೆ? ನೀವೂ ಹಾಕ್ಕೋತೀರಾ?"

ನರ್ಸಿಗೆ ನಗು ಬರಲಿಲ್ಲ. "ನಡೆಯಕ್ಕಾಗ್ದೇ ಇರೋರಿಗೆಲ್ಲಾ ಇದೇ. ನಿಮ್ಗೂ ಆರಾಮ, ನಮ್ಗೂ ಆರಾಮ."

"ನಂಗೆ ಬಂದಿದ್ದು ಗೊತ್ತಾಗುತ್ತೆ. ಗೊತ್ತಾಗಿಯೂ ಬಟ್ಟೇಲೇ ಮಾಡು ಅಂತೀರಾ?"

"ಗೊತ್ತಾಗುತ್ತೆ ಅಂತ ಎಲ್ರೂ ಹೇಳ್ತಾರೆ. ಆಮೇಲೆ ಹಾಸಿಗೆ ಬದಲಾಯಿಸೋರು ನಾವು."

ಡಯಪರ್ ಬೇಡವೆಂದಾಗ ನರ್ಸ್ ಮೂಗು ಮುರಿದು, ಮಲಗಿದಲ್ಲೇ ಬಳಸುವ ಸ್ಟೀಲಿನ ಪ್ಯಾನ್ ತಂದು ಅಡಿಗೆ ತುರುಕಿ ಹೋದಳು. ಅದು ತಣ್ಣಗಿತ್ತು ಎಂದು ಸೊಂಟದ ಮೇಲಿನ ಒಂದು ಬೆರಳಷ್ಟು ಚರ್ಮ ಮಾತ್ರ ಹೇಳಿತು. ಪ್ಯಾನಿನ ಅಂಚಿನಲ್ಲಿ ಹಳೆಯ ಕಂದು ಗೆರೆಯೊಂದು ಒಣಗಿದ್ದನ್ನು ಅವಳು ಮೊದಲೇ ನೋಡಿದ್ದಳು. ಮೈಯೊಳಗೆ ಇದ್ದದ್ದೆಲ್ಲ ಹೆದರಿ ಬಿಗಿದುಕೊಂಡಿತು.

ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡ ಟೀಚರಮ್ಮ ಮಲಗಿದ್ದಳು. ಕೆಲಸದಿಂದ ನಿವೃತ್ತಳಾಗಿದ್ದರೂ ಬುದ್ಧಿ ಹೇಳುವುದರಿಂದ ಆಗಿರಲಿಲ್ಲ. ಇಡೀ ದಿನ ಕಿತ್ತಳೆ ತಿನ್ನುತ್ತಾ, ಬೀಜಗಳನ್ನು ಎಂಜಲಿನೊಂದಿಗೆ ಮೇಜಿನ ಮೇಲೆ ಸಾಲಾಗಿ ಉಗುಳಿಡುತ್ತಿದ್ದಳು.

"ಅಭ್ಯಾಸ ಆಗುತ್ತೆ ಕಣಮ್ಮ," ಎಂದಳು ಟೀಚರಮ್ಮ, ತೊಳೆಯೊಂದನ್ನು ಹೀರುತ್ತಾ. "ಮೊದ್ಲು ನಾನೂ ಅತ್ತೆ. ಆ ಡಯಪರು ಇದೆಯಲ್ಲ, ಈಗ ಹೇಗನ್ಸುತ್ತೆ ಗೊತ್ತಾ? ಒಂಥರಾ ಬೆಚ್ಚಗಿರುತ್ತೆ."

ಕಾಲು ಹೋದದ್ದಕ್ಕಿಂತ ಆ ಬೆಚ್ಚಗೆ ಎಂಬ ಮಾತಿಗೆ ಅಕ್ಕ ಹೆಚ್ಚು ಹೆದರಿದಳು. ಒಂದು ದಿನ ತಾನೂ ಹೀಗೇ ಮಲಗಿ, ಬಾಯಲ್ಲಿ ಹಣ್ಣು, ಕೆಳಗೆ ಬೆಚ್ಚಗೆ, ಮುಖದ ಮೇಲೆ ನೆಮ್ಮದಿ ಇಟ್ಟುಕೊಂಡು ಪಕ್ಕದವಳಿಗೆ ಬುದ್ಧಿ ಹೇಳುತ್ತೇನೆ. ಅದಕ್ಕಿಂತ ಸಾಯುವುದು ವಾಸಿ ಎಂದುಕೊಂಡಳು, ಹಾಗಂದುಕೊಂಡದ್ದು ತಮಾಷೆಗಲ್ಲ. ಏನಾದರಾಗಲಿ, ಕೂತೇ ಮಾಡುತ್ತೇನೆ ಎಂದು ಹಟ ಹಿಡಿದು, ನೀರು ಕುಡಿಯುವುದನ್ನು ಬಿಟ್ಟಳು.

ಶೌಚಾಲಯ ವಾರ್ಡಿನ ಓಣಿಯ ಆ ತುದಿಗಿತ್ತು. ಗಾಲಿಕುರ್ಚಿ ಒಂದಿತ್ತು, ಅದರ ಒಂದು ಚಕ್ರ ತಿರುಗದೆ ನಿಂತಿದ್ದರಿಂದ ಅದರಲ್ಲಿ ಕೊಳೆ ಬಟ್ಟೆ ಗುಡ್ಡೆ ಹಾಕಿದ್ದರು. ಸಂಜೆ ತಮ್ಮಂದಿರು ಬಂದಾಗ ಅಕ್ಕ ಹಲ್ಲು ಕಚ್ಚಿಕೊಂಡು ವಿಷಯ ಹೇಳಿದಳು.

"ಇಷ್ಟೇನಾ?" ಎಂದ ದಡಿಯ. ಅವನ ಮುಖ ಅರಳಿತು. ಕಾಲು ಹೋದಾಗಿನಿಂದ ಅಕ್ಕನಿಗಾಗಿ ಮಾಡುವಂಥದ್ದು ಅವನಿಗೆ ಏನೂ ಸಿಕ್ಕಿರಲಿಲ್ಲ. "ಲೋ ಕಡ್ಡಿ, ವ್ಯಾನಿಂದ ಪಟ್ಟಿ ತಗೊಂಬಾ. ಕಂಬಳೀನೂ."

ಅವಳು ಬೇಡವೆನ್ನಬೇಕಿತ್ತು. ಆದರೆ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗಿತ್ತು. ಕಡ್ಡಿ ಭಾರ ಹೊರುವ ಭುಜದ ಪಟ್ಟಿಗಳನ್ನೂ, ಬೀರುಗಳಿಗೆ ಸುತ್ತುವ ದಪ್ಪ ಕಂಬಳಿಯನ್ನೂ ತಂದ. ಕಂಬಳಿಗೆ ಮೇಣದ, ಹಳೇ ಮರದ, ಯಾರ್ಯಾರದೋ ಮನೆಯ ಮೂಲೆಗಳ ವಾಸನೆಯಿತ್ತು. ಇಬ್ಬರೂ ಸೇರಿ ಅವಳನ್ನು ಅದರಲ್ಲಿ ಸುತ್ತಿ, ಎದೆಯ ಕೆಳಗೊಂದು, ತೊಡೆಗೊಂದು ಪಟ್ಟಿ ಬಿಗಿದರು. ಇಷ್ಟು ಅಚ್ಚುಕಟ್ಟಾಗಿ ಕಟ್ಟುವುದನ್ನು ಕಲಿಸಿದವಳು ತಾನೇ ಎಂಬುದು ಅವಳಿಗೆ ನೆನಪಿತ್ತು.

"ತಲೆ ಕಡೆ ಭಾರ, ನಾನಿರ್ತೀನಿ. ಎತ್ತೋ!"

ಹೊರಟರು. "ದಾರಿ, ದಾರಿ! ಮೂಲೆ ನೋಡ್ಕೋ!" ಎನ್ನುವ ದಡಿಯನ ದನಿ ಓಣಿಯ ತುಂಬ. ರೋಗಿಗಳನ್ನು ನೋಡಲು ಬಂದವರು ಗೋಡೆಗೆ ಅಂಟಿ ನಿಂತರು. ಯಾರೋ ಕಿಸಕ್ಕನೆ ನಕ್ಕರು, ಇನ್ಯಾರೋ ಅವರ ತೋಳು ಚಿವುಟಿದರು. ಚಾವಣಿಯ ಒಂದೊಂದೇ ದೀಪ ಅವಳ ಮುಖದ ಮೇಲಿಂದ ಹಾಯ್ದು ಹೋಗುತ್ತಿತ್ತು. ತಿರುವಿನಲ್ಲಿ, ಕಂಬಳಿಯೊಳಗಿಂದ, "ಎಡಕ್ಕೆ ತಿರುಗಿಸ್ರೋ, ಕಾಲು ಮೊದ್ಲು ಹೋಗ್ಲಿ," ಎಂದು ಯಾರೋ ಹೇಳಿದರು. ತನ್ನದೇ ದನಿ ಅದು ಎಂದು ತಿಳಿದಾಗ ಅವಳು ನಾಲಿಗೆ ಕಚ್ಚಿಕೊಂಡಳು.

ಶೌಚಾಲಯದ ಬಾಗಿಲು ಒಳಮುಖವಾಗಿ ತೆರೆಯುತ್ತಿತ್ತು, ಅರ್ಧಕ್ಕೇ ತೊಟ್ಟಿಗೆ ಬಡಿದು ನಿಲ್ಲುತ್ತಿತ್ತು. ಒಳಗೆ ನೆಲದ ಮೇಲೆ ನೀರು, ನೀರಿನಲ್ಲಿ ಯಾರದೋ ಹತ್ತಿಯ ಉಂಡೆ. ಕಡ್ಡಿ ಒಳಗೆ, ದಡಿಯ ಹೊರಗೆ, ಅವಳು ಹೊಸ್ತಿಲ ಮೇಲೆ ಅಡ್ಡಡ್ಡ.

"ಹಿಂಗೆ ಹೋಗಲ್ಲ ಕಣೋ. ನಿಲ್ಲಿಸಿ ಒಳಗೆ ತಗೊಳ್ಳೋಣ," ಎಂದ ದಡಿಯ.

ಅವರು ಅವಳನ್ನು ಬೀರುವಿನಂತೆ ನೆಟ್ಟಗೆ ಮಾಡಿದರು. ಆಗ ಎದೆಯ ಕೆಳಗಿನ ಪಟ್ಟಿ ಜಾರಿ, ಅವಳ ಪೂರ್ತಿ ಭಾರದೊಂದಿಗೆ ಹೊಟ್ಟೆಗೆ ಬಂದು ಅಮುಕಿತು. ಅವಳು "ನಿಲ್ಸು" ಎಂದಳು. ಹೇಳುವಷ್ಟರಲ್ಲಿ ಮುಗಿದು ಹೋಗಿತ್ತು. ತಡೆದುಕೊಂಡ ಇಡೀ ಮಧ್ಯಾಹ್ನ ಕಂಬಳಿಯೊಳಗಿಂದ ಇಳಿದು, ಅವಳ ತೊಡೆ ಹಿಡಿದಿದ್ದ ಕಡ್ಡಿಯ ಕೈ ಮೇಲೆ ಹರಿದು, ಅವನ ಅಂಗಿ ತೋಳಿನ ಗುಂಡಿಯವರೆಗೂ ಹೋಯಿತು.

ಕಡ್ಡಿ ಕೈಬಿಟ್ಟ. ಮೆಟ್ಟಿಲ ಮೇಲೆ ಪಿಯಾನೋ ಹೊತ್ತಾಗ ಕಾಲ ಹೆಬ್ಬೆರಳು ಒಡೆದರೂ ಕೈಬಿಡದವನು. ಅವಳ ಕಾಲುಗಳು ಆ ನೀರಿನಲ್ಲಿ ದೊಪ್ಪನೆ ಬಿದ್ದವು. ದಡಿಯ ಹಿಂದಿನಿಂದ ಕಂಕುಳಿಗೆ ಕೈಹಾಕಿ ಅವಳನ್ನು ಹಿಡಿದೇ ಇದ್ದ. ಅವನ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು. ಕಡ್ಡಿ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿದ. ಆಮೇಲೆ ಇನ್ನೊಮ್ಮೆ ಒರೆಸಿದ. ನಲ್ಲಿಯೊಂದು ಸರಿಯಾಗಿ ಮುಚ್ಚದೆ ಸೋರುತ್ತಿತ್ತು.

ನರ್ಸ್ ಬಂದು ನೋಡಿದಳು. "ನಾನು ಹೇಳಿರ್ಲಿಲ್ವಾ?" ಎಂದಳು. ಆವತ್ತು ಡಯಪರ್ ಹಾಕುವಾಗ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಪಕ್ಕದ ಮಂಚದಿಂದ ಕಿತ್ತಳೆಯ ವಾಸನೆ ಬರುತ್ತಿತ್ತು.

ಮಾರನೇ ದಿನ ಡಾಕ್ಟರು ಕಳಿಸಿದ ಥೆರಪಿಸ್ಟ್ ಬಂದಳು. ನಡೆಯಲಾಗದವರಿಗೆ ಏಳುವುದು, ಕೂರುವುದು, ತೊಳೆದುಕೊಳ್ಳುವುದನ್ನು ಹೇಳಿಕೊಡುವುದು ಅವಳ ಕೆಲಸವಂತೆ. ಕಂಕುಳಲ್ಲಿ ನುಣುಪಾದ ಒಂದು ಹಲಗೆ, ಮುಂದೆ ತಳ್ಳಿಕೊಂಡು ಬಂದದ್ದು ನಡುವೆ ತೂತಿದ್ದು ಅಡಿಯಲ್ಲಿ ಪಾತ್ರೆ ಸಿಕ್ಕಿಸಿದ ಕಮೋಡ್ ಕುರ್ಚಿ. ಅವಳಿಗೆ ಜೋರು ನೆಗಡಿ. ಮೂಗೊರೆಸಿದ ಕೈಯಲ್ಲೇ ಹಲಗೆಯನ್ನು ಹಾಸಿಗೆಯ ಮೇಲಿಟ್ಟಳು. ಟೀಚರಮ್ಮ ಆ ಕ್ಷಣವೇ ಅವಳಿಗೆ ಹಲಗೆಯಮ್ಮ ಎಂದು ಹೆಸರಿಟ್ಟಳು.

"ಇದರ ಒಂದು ತುದಿ ನಿಮ್ಮ ತೊಡೆ ಕೆಳಗೆ, ಇನ್ನೊಂದು ಕುರ್ಚಿ ಮೇಲೆ. ಮುಷ್ಟಿ ಊರಿ ಮುಂದಕ್ಕೆ ಬಗ್ಗಿ, ಸ್ವಲ್ಪ ಸ್ವಲ್ಪ ಜಾರ್ಕೊಂಡು ಹೋಗ್ಬೇಕು."

"ಜಾರೋದಾ?"

"ಹಾರಕ್ಕೆ ಬರುತ್ತೆ ಅಂದ್ರೆ ಹಾರಿ."

ಅಕ್ಕ ಹಲಗೆಯನ್ನು ನೋಡಿದಳು. ತೇಪೆ ಹಾಕಿದಂತೆ ಅಲ್ಲಲ್ಲಿ ಹೊಳಪು ಹೋಗಿತ್ತು. "ಎಷ್ಟು ಜನರ ಕುಂಡೆ ಉಜ್ಜಿದೆಯೋ ಇದಕ್ಕೆ."

"ಒರೆಸಿದೀನಿ." ಹಲಗೆಯಮ್ಮ ಸೀನಿದಳು.

ಆವತ್ತು ತಮ್ಮಂದಿರು ಬೇಗ ಬಂದಿದ್ದರು. ಕಡ್ಡಿ ಮಂಚದ ಹತ್ತಿರಕ್ಕೆ ಬರದೆ ಕಿಟಕಿಯ ಬಳಿ ನಿಂತಿದ್ದ. ದಡಿಯ ಹಲಗೆಯನ್ನೂ ಕುರ್ಚಿಯನ್ನೂ ನೋಡಿ ಕೆಂಡವಾದ. "ನಮ್ಮಕ್ಕನ್ನ ಹಲಗೆ ಮೇಲೆ ಎಳೀತೀರೇನ್ರೀ? ನಾವೇನು ಸತ್ತೋಗಿದೀವಾ? ಬೇಕಾದಾಗ ನಾವೇ ಎತ್ತಿ ಕೂರಿಸ್ತೀವಿ."

"ಒಳ್ಳೇದು. ನೀವು ಯಾವಾಗ ಬರೋದು?"

"ದಿನಾ ಸಂಜೆ."

"ಅವ್ರಿಗೆ ಬೆಳಗ್ಗೆ ಬರುತ್ತೆ."

ಹಲಗೆಯಮ್ಮ ಅಳತೆಯ ಟೇಪು ತೆಗೆದು ಮಂಚದ ಎತ್ತರ ನೋಡಿದಳು, ಕುರ್ಚಿಯ ಕಾಲುಗಳನ್ನು ಅದೇ ಮಟ್ಟಕ್ಕೆ ಏರಿಸಿದಳು. ಮನೆಯ ಕಕ್ಕಸಿನ ಬಾಗಿಲು ಎಷ್ಟು ಅಗಲ ಎಂದಾಗ ಕಿಟಕಿಯ ಬಳಿಯಿಂದ ಕಡ್ಡಿ ಥಟ್ಟನೆ ಅಳತೆ ಹೇಳಿದ. ಬಾಗಿಲುಗಳ ಅಳತೆ ಅವನಿಗೆ ಹೆಂಡತಿಯ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತಿತ್ತು.

"ಹಾಗಿದ್ರೆ ಕುರ್ಚಿ ಹೋಗಲ್ಲ. ಬಾಗಿಲು, ಚೌಕಟ್ಟು ಎರಡೂ ಕಿತ್ತು ಹಾಕಿ."

"ಬಾಗಿಲಿಲ್ಲದ ಕಕ್ಕಸಾ?" ಎಂದಳು ಅಕ್ಕ.

"ಪರದೆ ಕಟ್ಕೊಳ್ಳಿ."

"ಪರದೆಗೆ ಕಿವಿ ಮೂಗು ಮುಚ್ಚಕ್ಕಾಗುತ್ತಾ?"

"ಮನೇಲಿ ಎಲ್ರಿಗೂ ಬರುತ್ತಲ್ವಾ," ಎಂದು ಹಲಗೆಯಮ್ಮ ಟೇಪು ಸುತ್ತಿಕೊಂಡಳು. ಅವಳ ದನಿಯಲ್ಲಿ ಕರುಣೆ ಇರಲಿಲ್ಲ. ಬೇಸರವಿತ್ತು. ಅಕ್ಕನಿಗೆ ಅವಳ ಮೇಲೆ ಸಿಟ್ಟು ಬಂತಾದರೂ, ಆ ಬೇಸರ ಕರುಣೆಯಷ್ಟು ಅಸಹ್ಯ ಹುಟ್ಟಿಸಲಿಲ್ಲ.

ತಮ್ಮಂದಿರು ಹೋದ ಮೇಲೆ ಅಭ್ಯಾಸ ಶುರುವಾಯಿತು. ಮೊದಲು ಕಾಲುಗಳನ್ನು ಮಂಚದಿಂದ ಇಳಿಸಬೇಕು. ತನ್ನ ಮೊಣಕಾಲಿನ ಅಡಿಗೆ ಕೈಹಾಕಿದಾಗ ಅದು ಇನ್ಯಾರದೋ ಮೈ ಅನ್ನಿಸಿತು. ಮೆತ್ತಗೆ, ತಣ್ಣಗೆ, ಕೂದಲು ಬೆಳೆದದ್ದು. ಬಿಟ್ಟರೆ ಬಿತ್ತು, ಇಟ್ಟಲ್ಲಿ ಕೂತಿತು. ಹೆಣ ಎತ್ತುವವರಿಗೆ ಹೀಗೇ ಅನ್ನಿಸಬೇಕು ಎಂದು ಯೋಚಿಸಿ ಬೆನ್ನಲ್ಲಿ ಬೆವರಿದಳು. ಆಮೇಲೆ ಹಲಗೆ. ಮುಷ್ಟಿ ಊರಿದಳು, ಬಗ್ಗಿದಳು, ಸರಿದಳು. ನಡುವೆ ಬರುವಷ್ಟರಲ್ಲಿ ಬರಿ ಚರ್ಮ ಹಲಗೆಗೆ ಅಂಟಿಕೊಂಡು, ಮೈ ಮುಂದೆ ಹೋದರೂ ತೊಗಲು ಹಿಂದೆ ಉಳಿಯಿತು. ಅತ್ತ ಮಂಚವೂ ಇಲ್ಲ, ಇತ್ತ ಕುರ್ಚಿಯೂ ಇಲ್ಲ.

"ಸಿಕ್ಕಿ ಹಾಕ್ಕೊಂಡೆ. ಎತ್ರೀ."

"ಬಟ್ಟೆ ಹಾಸ್ಕೊಳ್ಳಿ ಅಂದಿದ್ದೆ, ಮರೆತ್ರಿ. ಈಗ ಹಿಂದಕ್ಕೆ ಬನ್ನಿ."

"ಎತ್ರೀ ಅಂದೆ!"

"ಇವತ್ತು ಎತ್ತಿದ್ರೆ ನಾಳೆನೂ ಎತ್ತಬೇಕು. ನಂಗೆ ಬೆನ್ನು ನೋವಿದೆ."

ಅವಳು ಬಾಯಿಗೆ ಬಂದದ್ದೆಲ್ಲ ಬೈದಳು. ಕೂಲಿಯವರಿಗೆ ಬೈಯಲು ಗೋದಾಮಿನಲ್ಲಿ ಇಟ್ಟುಕೊಂಡಿದ್ದ ಮಾತುಗಳೆಲ್ಲ ಆ ವಾರ್ಡಿನಲ್ಲಿ ಖಾಲಿಯಾದವು. ಟೀಚರಮ್ಮ ಕಿತ್ತಳೆ ಬಿಟ್ಟು ಕಿವಿಗೊಟ್ಟಳು. ಹಲಗೆಯಮ್ಮ ಮೂಗೊರೆಸಿಕೊಂಡು ಕಾದಳು. ಬೈದು ಬೈದು ಸುಸ್ತಾದ ಮೇಲೆ, ಬೇರೆ ದಾರಿಯಿಲ್ಲದೆ, ಅಕ್ಕ ಹಿಂದಕ್ಕೆ ಜಾರಿ ಮಂಚ ಸೇರಿದಳು.

ಹಾಗೆ ದಿನವೂ ನಡೆಯಿತು. ದಿನವೂ ಜಾರುವಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು. ಯಾವ ಮೇಜಿಗೂ ಆಗಬಾರದೆಂದು ಕಾಯ್ದ ಅವಮಾನವನ್ನು ತನ್ನ ಮೈಗೆ ತಾನೇ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಎರಡು ಅಭ್ಯಾಸಗಳ ನಡುವೆ ಮಾತ್ರ ಡಯಪರ್ ಇರುತ್ತಿತ್ತು, ಒದ್ದೆಯಾದದ್ದು, ಬದಲಾಯಿಸಲು ಯಾರೂ ಬಾರದ್ದು. ಒಂದು ಬೆಳಗ್ಗೆ, ಅರೆನಿದ್ದೆಯಲ್ಲಿ, ಹೊಟ್ಟೆಯ ತಳದಲ್ಲಿ ಬೆಚ್ಚಗೆ ಅನ್ನಿಸಿ ಹಾಯೆನಿಸಿತು. ಅದರ ಅರ್ಥ ತಿಳಿದೊಡನೆ ಪೂರ್ತಿ ಎಚ್ಚರಾಗಿ ಕಣ್ಣು ಬಿಟ್ಟು ಮಲಗಿದಳು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ನರ್ಸ್ ಬಂದಾಗ, ಅದನ್ನು ತೆಗೆಯಿರಿ, ಇನ್ನು ಹಾಕಬೇಡಿ, ಕುರ್ಚಿ ಪಕ್ಕದಲ್ಲೇ ಇಡಿ ಎಂದಷ್ಟೇ ಹೇಳಿದಳು.

"ಹಾಸಿಗೆ ಒದ್ದೆಯಾದ್ರೆ?"

"ನನ್ನ ತಲೆ ಮೇಲೆ ಹಿಂಡಿ."

ಆವತ್ತೇ, ತಮ್ಮಂದಿರು ಬಂದು ಕೂತಿದ್ದಾಗ, ಅವಳಿಗೆ ಒತ್ತಿಕೊಂಡು ಬಂತು. ನರ್ಸ್ ಎಲ್ಲೂ ಕಾಣಲಿಲ್ಲ. ಹಲಗೆಯಮ್ಮ ಮನೆಗೆ ಹೋಗಿದ್ದಳು. ಅಕ್ಕನ ಮುಖ ನೋಡಿಯೇ ದಡಿಯನಿಗೆ ಗೊತ್ತಾಯಿತು. ಎದ್ದು ನಿಂತು ಎರಡೂ ಕೈ ಚಾಚಿದ. ಆ ಅಗಲ ಅಂಗೈಗಳಲ್ಲಿ ಅವನಿಗೆ ತಿಳಿದ ಒಂದೇ ಪ್ರೀತಿ ಇತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಆ ಕೈಗಳನ್ನು ನೋಡಿ ಮೈ ಮುಳ್ಳೆದ್ದಿತು.

"ಪರದೆ ಎಳೆದು ಆಚೆ ನಿಂತ್ಕೋ. ಇಬ್ರೂ."

"ಬಿದ್ರೆ?"

"ಬಿದ್ರೆ ಕರೀತೀನಿ."

"ಬಿದ್ದಮೇಲೆ ಎತ್ತೋಕಿಂತ ಮೊದ್ಲೇ—"

"ಹೋಗೋ ದಡಿಯಾ!"

ಪರದೆ ಎಳೆದರು. ಪರದೆಯ ಕೆಳಗೆ ಎರಡು ಜೊತೆ ಬೂಟುಗಳು ಕಾಣುತ್ತಿದ್ದವು. ಅವಳು ಕಾಲುಗಳನ್ನು ಒಂದೊಂದಾಗಿ ಇಳಿಸಿದಳು, ಕುರ್ಚಿಯ ಚಕ್ರಗಳ ತಡೆ ಒತ್ತಿದಳು, ಹಲಗೆ ತುರುಕಿದಳು. ಬಟ್ಟೆ ಹಾಸುವಷ್ಟು ವ್ಯವಧಾನವಿರಲಿಲ್ಲ. ಮುಷ್ಟಿ ಊರಿ, ಬಗ್ಗಿ, ಸರಿದಳು. ಚರ್ಮ ಅಂಟಿತು. ಎಳೆದಳು. ಸೊಂಟದ ಬಳಿ, ಅರಿವು ಇನ್ನೂ ಉಳಿದಿದ್ದ ಅಂಚಿನಲ್ಲಿ, ಚುರ್ ಎಂದಿತು. ಮತ್ತೆ ಸರಿದಳು. ಒಂದು ಕಡೆ ತೂತಿನೊಳಕ್ಕೆ ಇಳಿದು ವಾಲಿದಾಗ ಕುರ್ಚಿಯ ಹಿಡಿಕೆಯನ್ನು ಅವುಚಿಕೊಂಡು ಮೈಯನ್ನು ನೇರ ಮಾಡಿದಳು. ಹಲಗೆ ಜಾರಿ ನೆಲಕ್ಕೆ ಬಿದ್ದು ಸದ್ದಾಯಿತು. ಪರದೆಯ ಕೆಳಗೆ ದಡಿಯನ ಬೂಟು ಒಂದು ಹೆಜ್ಜೆ ಒಳಗೆ ಬಂತು.

"ನಾನಲ್ಲ, ಹಲಗೆ," ಎಂದಳು. ಬೂಟು ಹಿಂದೆ ಹೋಯಿತು.

ಆಮೇಲೆ ಪ್ಲಾಸ್ಟಿಕ್ ಪಾತ್ರೆಗೆ ಬೀಳುವ ಸದ್ದು. ಇಡೀ ವಾರ್ಡು ಉಸಿರು ಹಿಡಿದು ಅದನ್ನೇ ಕೇಳುತ್ತಿದ್ದ ಹಾಗಿತ್ತು. ಸದ್ದು ನಿಲ್ಲುವ ಹಾಗೆ ಕಾಣಲಿಲ್ಲ. ನಿಂತು, ಮತ್ತೆ ಶುರುವಾಗಿ, ಹೊಟ್ಟೆಯಲ್ಲಿದ್ದ ಬೇರೆಯದೂ ಬಂತು. ವಾಸನೆ ಎದ್ದಿತು. ಮಾತ್ರೆಗಳ ಕಹಿ ಬೆರೆತ, ತನ್ನದೇ ವಾಸನೆ. ಗೆದ್ದೆ ಎಂದು ಅನ್ನಿಸಲಿಲ್ಲ. ಅಸಹ್ಯವೇ ಆಯಿತು. ಆದರೆ ಅವಳು ಕೂತಿದ್ದಳು.

ತಾನೇ ಒರೆಸಿಕೊಂಡು, ಗೌನು ಎಳೆದುಕೊಂಡು, ಅವಳು ಕರೆದಳು. "ಕಡ್ಡೀ, ಒಳಗೆ ಬಾ."

ಬೂಟುಗಳು ಅಲುಗಲಿಲ್ಲ.

"ಆಯಾನ ಕರೀತೀನಿ ಕಣಕ್ಕ," ದಡಿಯನ ದನಿ.

"ಆಯಾ ಬರೋದು ರಾತ್ರಿಗೆ. ಅಲ್ಲೀವರೆಗೂ ಇದರ ಮೇಲೇ ಕೂತಿರ್ಲಾ? ಮನೇಲೂ ಆಯಾನ ಕರೀತೀಯಾ? ನಾನು ಕರೆದದ್ದು ಅವನ್ನ."

ಕಡ್ಡಿ ಬಂದ. ಶೌಚಾಲಯದ ಆ ಸಂಜೆಯ ಮೇಲೆ ಮೊದಲ ಸಲ ಇಷ್ಟು ಹತ್ತಿರ ಬಂದಿದ್ದ. ಅವಳು ಬೆನ್ನ ಹಿಂದೆ ಬೆರಳು ತೋರಿಸಿದಳು. "ಹಿಂದಿನಿಂದ ಎಳಿ. ಮೆಲ್ಲಗೆ. ಮುಚ್ಚಳ ಅಲ್ಲೇ ಕೆಳಗಿದೆ."

ಅವನು ಮೊಣಕಾಲೂರಿ ಪಾತ್ರೆ ಎಳೆದ. ಎದ್ದು ನಿಲ್ಲುವಾಗ, ಮುಚ್ಚಳ ಸರಿಯಾಗಿ ಕೂರದೆ, ಅವನ ಹೆಬ್ಬೆರಳಿಗೆ ಸ್ವಲ್ಪ ತುಳುಕಿತು. ಎರಡೂ ಕೈಯಲ್ಲಿ ಪಾತ್ರೆ, ಒರೆಸಿಕೊಳ್ಳುವಂತಿರಲಿಲ್ಲ. ಅವನ ಮೂಗು ಸುಕ್ಕಾಯಿತು, ತುಟಿ ಹಿಂಡಿಕೊಂಡಿತು, ಕಣ್ಣಲ್ಲಿ ನೀರು ಬಂತು. ಅವನು ಮುಖ ಮುಚ್ಚಿಡಲು ನೋಡಿದ, ಆಗಲಿಲ್ಲ. ಅವಳು ಆ ಮುಖವನ್ನು ಪೂರ್ತಿ ನೋಡಿದಳು.

"ಹೇಸಿಗೆ ಆಗ್ತಿದ್ಯಾ?"

ಅವನು ಪಾತ್ರೆಯ ಕಡೆ ನೋಡಿದ. ಆಮೇಲೆ, "ಆಗ್ತಿದೆ ಕಣೇ," ಎಂದ.

"ನಂಗೂ ಆಗ್ತಿದೆ. ಹೋಗು, ಓಣೀಲಿ ಚೆಲ್ಲಬೇಡ."

ಅವನು ಪಾತ್ರೆಯನ್ನು ಮೈಯಿಂದ ಆದಷ್ಟು ದೂರ ಹಿಡಿದು, ಹೆಜ್ಜೆ ಎಣಿಸಿದಂತೆ ನಡೆದು ಹೋದ. ತೆರೆದ ಪರದೆಯ ನಡುವೆ ದಡಿಯ ನಿಂತಿದ್ದ, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ. ಅವಳು ಇನ್ನೂ ಮಂಚಕ್ಕೆ ವಾಪಸು ಹೋಗಬೇಕಿತ್ತು. ಸೊಂಟದ ಅಂಚು ಉರಿಯುತ್ತಿತ್ತು.

"ಬಾಯಿ ಬಿಟ್ಕೊಂಡು ಏನು ನೋಡ್ತೀಯ? ಆ ಬಟ್ಟೆ ಕೊಡು. ಹಲಗೆ ಕೊಡು."

ದಡಿಯ ಬಗ್ಗಿ ಹಲಗೆ ಎತ್ತಿಕೊಂಡ. ಅದನ್ನು ತಿರುಗಿಸಿ ನೋಡಿ, ಮತ್ತೆ ತಿರುಗಿಸಿ, "ಯಾವ ಕಡೆ ಮೇಲಕ್ಕೆ?" ಎಂದು ಕೇಳಿದ.